ಪೇರಲದ ಕಾಲವಲ್ಲ

ಮೂರನೆಯ ತಂಬಿಗೆಗೆ ಊದುವಾಗ ಹೀರಾಬಿಗೆ ಉಸಿರು ಸಾಲಲಿಲ್ಲ. ತುಟಿ ಮುಂದೆ ಮಾಡಿ ನೀರಿನ ಮೇಲೆ ಬಾಗಿದವಳು ಹಾಗೆಯೇ ನಿಂತಳು. ನೀರು ಅಲುಗಲಿಲ್ಲ. ತಂಬಿಗೆ ಹಿಡಿದಿದ್ದ ಶಿವಬಸಮ್ಮ ಕಾದಳು. ಅವಳ ಸೊಂಟದ ಮೇಲೆ ಜ್ವರ ಬಂದ ಮೊಮ್ಮಗ ಕತ್ತು ವಾಲಿಸಿ ಕೂತಿದ್ದ.

"ದಣದಾಳ ಕೂಸು. ತಡೀರಿ, ಸ್ವಲ್ಪ ಕೂಡ್ರಲಿ," ಎಂದಳು ಶಿವಬಸಮ್ಮ.

ಅಜ್ಜಿ ನೂರ್ ಬೀ ಮೊಮ್ಮಗಳ ಬೆನ್ನಿಗೆ ಕೈ ಹಚ್ಚಿ ಮತ್ತೆ ಬಾಗಿಸಿದಳು. "ಫೂಂಕ್ ಬೇಟಾ."

ಹೀರಾಬಿ ಊದಿದಳು. ನೀರಿನ ಮೇಲೆ ಸಣ್ಣ ಸುಕ್ಕು ಎದ್ದು ಅಂಚಿಗೆ ಹೋಗಿ ಸತ್ತಿತು. ಶಿವಬಸಮ್ಮ ತಂಬಿಗೆಯನ್ನು ಮೂಗಿನ ಹತ್ತಿರ ತಂದು ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಅದರ ಬಾಯಿಗೆ ಸೆರಗು ಮುಚ್ಚಿಕೊಂಡು ಮನೆಗೆ ಹೋದಳು.

ಅದು ಎಪ್ಪತ್ತೆಂಟರ ಬೇಸಿಗೆ. ದೇವದುರ್ಗದ ಆ ಓಣಿಗೆ ಊದಿಸಿಕೊಳ್ಳುವುದು ಹೊಸದಲ್ಲ. ಸಂಜೆಯ ನಮಾಜು ಮುಗಿಸಿ ಬರುವ ಹಿರಿಯರ ಮುಂದೆ ತಾಯಂದಿರು ಮಕ್ಕಳನ್ನು ಹಿಡಿದು ನಿಲ್ಲುತ್ತಿದ್ದರು. ಅವರು ತುಟಿಯಲ್ಲೇ ಓದಿ ಮಗುವಿನ ನೆತ್ತಿಯ ಮೇಲೋ, ತಂದ ನೀರಿನ ಮೇಲೋ ಊದಿ ಕಳಿಸುತ್ತಿದ್ದರು. ಹಣೆಗೆ ವಿಭೂತಿ ಇದ್ದ ಮಕ್ಕಳೂ ಆ ಸಾಲಿನಲ್ಲಿ ಇರುತ್ತಿದ್ದವು. ಆದರೆ ಹದಿಮೂರರ ಹುಡುಗಿಯೊಬ್ಬಳ ಮುಂದೆ ಹೆಂಗಸರು ತಂಬಿಗೆ ಹಿಡಿದು ನಿಂತದ್ದನ್ನು ಓಣಿ ಕಂಡಿರಲಿಲ್ಲ. ಹೀರಾಬಿಯ ಬಾಯಿಂದ ಕಳಿತ ಪೇರಲ ಹಣ್ಣಿನ ವಾಸನೆ ಬರುತ್ತಿತ್ತು. ಅವರು ಬಂದದ್ದು ಅದಕ್ಕೆ.

ಮೊದಲು ಕಂಡುಕೊಂಡವಳು ನೂರ್ ಬೀ. ಸೆಕೆಗೆ ಮಾಳಿಗೆಯ ಮೇಲೆ ಮಲಗಿದ್ದಾಗ ಮೊಮ್ಮಗಳು ಕಿವಿಗೆ ಬಾಯಿ ಹಚ್ಚಿ ಏನೋ ಗುಟ್ಟು ಹೇಳಿದಳು. ಅಜ್ಜಿ ಗುಟ್ಟು ಕೇಳಲಿಲ್ಲ. ಪೇರಲ ಎಲ್ಲಿಂದ ಬಂತು ಎಂದು ಕೇಳಿದಳು. ಹೀರಾಬಿ ನಕ್ಕು ಬಾಯಿ ಅಗಲಿಸಿ ತೋರಿಸಿದಳು. ಪೇರಲದ ಗಾಡಿ ಬಜಾರಿಗೆ ಬರುವುದು ಮಳೆ ಬಿದ್ದ ಮೇಲೆ. ಈಗ ಅದರ ಕಾಲವಲ್ಲ.

ಸೊಸೆ ರಜಿಯಾ ಬೇಗಂಗೆ ಬಹಳ ವರ್ಷ ಮಕ್ಕಳಾಗಿರಲಿಲ್ಲ. ನೂರ್ ಬೀ ಊರ ಹೊರಗಿನ ದರ್ಗಾಕ್ಕೆ ಬರಿಗಾಲಲ್ಲಿ ನಡೆದು ಹರಕೆ ಹೊತ್ತ ಮೇಲೆ ಹುಟ್ಟಿದವಳು ಈ ಹೀರಾಬಿ. ಮಗು ಕೊಟ್ಟ ದರ್ಗಾದವರು ತಮ್ಮ ಗುರುತು ಈಗ ತೋರಿಸುತ್ತಿದ್ದಾರೆ ಎಂದು ಮುದುಕಿ ನಂಬಿದಳು. ಪಕ್ಕದ ಮನೆಯ ದಾವಲ್ ಬೀ ಒಬ್ಬಳಿಗೇ ಹೇಳಿದಳು. ಓಣಿಗೆ ಅಷ್ಟು ಸಾಕಾಯಿತು.

ಹೀರಾಬಿಯ ತಂದೆ ಸತ್ತಾರ್ ಸಾಬ್ ಅತ್ತರು ಮಾರುವವನು. ಬಜಾರಿನಲ್ಲಿ ಒಂದು ಹಲಗೆಯಷ್ಟು ಜಾಗ, ಗಾಜಿನ ಮುಚ್ಚಳದ ಒಂದು ಪೆಟ್ಟಿಗೆ, ಸಂತೆಯ ದಿನ ಮಾನ್ವಿಗೆ ಒಂದು ಸುತ್ತು. ಅವನ ಮೂಗು ಸುತ್ತಲಿನ ಊರುಗಳಿಗೆ ಗೊತ್ತಿತ್ತು. ಗೂಗಲ್ಲಿನಿಂದ ಬಂದವರು ತುಪ್ಪ ಮೂಸಿಸಿಕೊಂಡು ಹೋಗುತ್ತಿದ್ದರು. ಮಾನ್ವಿಯ ಅಕ್ಕಿ ಗಿರಣಿಯವರು ಹಳೇ ಅಕ್ಕಿ ಹೊಸ ಅಕ್ಕಿಯ ಜಗಳ ಬಂದರೆ ಒಂದು ಹಿಡಿ ಕೊಟ್ಟು ಕಳಿಸುತ್ತಿದ್ದರು.

ತಾಯಿ ಹೇಳಿದಾಗ ಅವನು ನಂಬಲಿಲ್ಲ. ಕೈಗೆ ಕಡಲೆ ಹಿಟ್ಟು ಹಚ್ಚಿ ತೊಳೆದುಕೊಂಡ. ಮೂಲೆಯ ಕರಿ ಕಂಬಳಿಗೆ ಮುಖವಿಟ್ಟು ಎರಡು ಉಸಿರು ಎಳೆದ. ಮೂಗಿನಲ್ಲಿ ಕೂತ ಅತ್ತರು ಇಳಿಯುವುದಕ್ಕೆ ಅವನು ಹಾಗೆ ಮಾಡುತ್ತಿದ್ದ. ಆಮೇಲೆ ಮಗಳ ಬಾಯಿಯ ಮುಂದೆ ಬಾಗಿದ. ಪೇರಲ ಹೌದು. ಅದರ ಹಿಂದೆ ಇನ್ನೊಂದಿತ್ತು, ಚುರುಕಾದದ್ದು, ಹೊಸ ಬಣ್ಣ ಬಳಿದ ಬಾಗಿಲಿನ ಹತ್ತಿರ ನಿಂತರೆ ಬರುವಂಥದ್ದು. ತಾಯಿ ಅವನ ಮುಖ ನೋಡುತ್ತಿದ್ದಳು. ಅವನು ಪೇರಲ ಎಂದ. ಎರಡನೆಯದನ್ನು ಹೇಳಲಿಲ್ಲ.

ಹೀರಾಬಿಗೆ ಇದು ಹಿಡಿಸಿತು. ಶಾಲೆಯಲ್ಲಿ ಲೆಕ್ಕ ಬಾರದ ಹುಡುಗಿಯೆಂದು ಹಿಂದಿನ ಬೆಂಚಿಗೆ ಕೂಡಿಸಿದ್ದರು. ಈಗ ಗುರುವಾರ ಸಂಜೆ ಅಜ್ಜಿ ಮಡಿಸಿದ ಶಾಲಿನ ಮೇಲೆ ಅವಳನ್ನು ಕೂಡಿಸುತ್ತಿದ್ದಳು. ಅವಳಿಗಿಂತ ಎರಡು ಪಟ್ಟು ದೊಡ್ಡವರು ಬಂದು ತಲೆಬಾಗಿ ನಿಲ್ಲುತ್ತಿದ್ದರು. ಹೊಟ್ಟೆ ನೋಯುತ್ತಿದ್ದದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಶಾಲು ಮಡಿಸಿ ಎತ್ತಿಡುತ್ತಾರೆ ಎಂದುಕೊಂಡಳು.

ರಜಿಯಾ ಬೇಗಂ ನೀರು ತರುವವಳು. ಕೊಡ ಖಾಲಿಯಾಗುವುದು ಅವಳಿಗೆ ಮೊದಲು ಗೊತ್ತಾಗುತ್ತಿತ್ತು. ಮಗಳು ನಿಂತಲ್ಲಿ ಕೂತಲ್ಲಿ "ಪಾನಿ ಹೋನಾ" ಎನ್ನುತ್ತಿದ್ದಳು. ಆ ಬಿಸಿಲಿಗೆ ಊರೇ ನೀರು ಕುಡಿಯುತ್ತಿತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಕುಡಿದದ್ದೆಲ್ಲ ಹೊರಗೆ ಹೋಗುತ್ತಿತ್ತು. ಬಚ್ಚಲಿನ ಕಲ್ಲಿಗೆ ಇರುವೆ ಮುತ್ತಿದ್ದವು. ರಜಿಯಾ ಬೂದಿ ಹಾಕಿದಳು, ಬಿಸಿನೀರು ಹೊಯ್ದಳು. ಮಗಳು ಹೋಗಿ ಬಂದ ಮೇಲೆ ಮತ್ತೆ ಮುತ್ತಿದವು. ಅತ್ತೆಗೆ ತೋರಿಸಿದರೆ ಸಿಹಿ ಇದ್ದಲ್ಲಿ ಇರುವೆ ಬರುತ್ತವೆ, ಇದರಲ್ಲಿ ಹೆದರುವುದೇನು ಎಂದಳು. ಹಬ್ಬಕ್ಕೆ ಕಷ್ಟಪಟ್ಟು ಏರಿಸಿದ್ದ ಗಾಜಿನ ಬಳೆ ಹೀರಾಬಿಯ ಮೊಣಕೈವರೆಗೆ ಹೋಗಿ ಬರುತ್ತಿದ್ದವು.

ಒಂದು ದಿನ ಅವಳು ಗಂಡನ ಊಟದ ಮುಂದೆ ಕೂತು ಹೇಳಿದಳು. "ಬಚ್ಚಿ ಸೂಕ್‌ಕೋ ಜಾರೀ ಜೀ." ಹುಡುಗಿ ಒಣಗಿಹೋಗುತ್ತಿದ್ದಾಳೆ, ರಾಯಚೂರಿಗೆ ಒಯ್ದು ಡಾಕ್ಟರಿಗೆ ತೋರಿಸೋಣ ಎಂದಳು.

ಜ್ವರ ಇದ್ದರೆ ಒಯ್ಯಬಹುದು, ಗಾಯವಾದರೆ ಒಯ್ಯಬಹುದು ಎಂದ ಸತ್ತಾರ್ ಸಾಬ್. ಡಾಕ್ಟರ ಮುಂದೆ ನಿಂತು ಏನು ಹೇಳುವುದು, ನನ್ನ ಮಗಳ ಬಾಯಿ ಘಮಘಮಿಸುತ್ತದೆ, ಔಷಧಿ ಕೊಡಿ ಎನ್ನುವುದೇ? ಹೇಳಿ ಅವನೇ ನಕ್ಕ. ರಜಿಯಾ ನಗಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಗು ಮುಗಿದ ಮೇಲೂ ಆ ಎರಡನೆಯ ವಾಸನೆ ಅವನ ಮೂಗಿನಲ್ಲಿ ಇತ್ತು. ದಿನಾ ಸಂಜೆ ಕಂಬಳಿ ಮೂಸಿ ಮಗಳ ಹತ್ತಿರ ಬಾಗಿ ನೋಡುತ್ತಿದ್ದ. ಅತ್ತರು ಯಾವುದೇ ಇರಲಿ, ಹಚ್ಚಿದ ಗಳಿಗೆಯಿಂದ ಇಳಿಯುತ್ತ ಹೋಗುತ್ತದೆ. ಇದು ಏರುತ್ತಿತ್ತು.

ಮುಂದಿನ ಸಂತೆಗೆ ಅವನು ಮಾನ್ವಿಗೆ ಹೋದ. ಅಲ್ಲಿ ಪೂಜಾ ಸಾಮಾನಿನ ಅಂಗಡಿ ಇಟ್ಟಿದ್ದ ಶರಣಯ್ಯ ಹಳೆಯ ಗಿರಾಕಿ. ಇವನಿಂದ ಧೂಪದ ಲೋಬಾನ ಕೊಳ್ಳುವಾಗ ಪ್ರತಿ ಸಲವೂ ಕೆಂಡದ ಮೇಲೆ ಒಂದು ಹರಳು ಹಾಕಿಸಿ ನೋಡಿಯೇ ತೂಗಿಸಿಕೊಳ್ಳುವವನು.

"ಮಾಲು ಖರೇ ಇರತದ, ನಿನ್ನ ಮ್ಯಾಲ ನನಗ ನಂಬಿಕಿಲ್ಲ ಸಾಬ," ಎಂದು ಶರಣಯ್ಯ ಕೆಂಡದ ತಟ್ಟೆ ಮುಂದೆ ಸರಿಸಿದ. "ಮಗಳ ಸುದ್ದಿ ಇಲ್ಲಿತನಾ ಬಂದದ. ಮನ್ಯಾಗ ಅಂಥಾಕಿ ಇರೋವಾಗ ಈ ಪೆಟಗಿ ಯಾಕ ಹೊರತಿಯೋ?"

ಸತ್ತಾರ್ ಸಾಬ್ ಹರಳನ್ನು ಕೆಂಡದ ಮೇಲಿಟ್ಟ. ಬಿಳಿ ಹೊಗೆ ಎದ್ದಿತು. ಅಂಗಡಿ ತುಂಬಿ ಬೀದಿಗೆ ಹೋಯಿತು. ದಾರಿಯಲ್ಲಿ ಹೋಗುತ್ತಿದ್ದವರು ಇತ್ತ ತಿರುಗಿದರು. ಹರಳು ಬೆವರಿ, ಮೆತ್ತಗಾಗಿ, ಕುಗ್ಗತೊಡಗಿತು. ಇಷ್ಟು ವರ್ಷ ಅವನು ಹೊಗೆಯ ಕಡೆಗೆ ಮೂಗು ಕೊಟ್ಟಿದ್ದವನು. ಈ ಸಲ ಹರಳನ್ನು ನೋಡಿದ.

"ಛಲೋ ಅದ. ತೂಗು," ಎಂದ ಶರಣಯ್ಯ. ಕಡ್ಡಿಯಿಂದ ಕೆಂಡ ಕೆದಕಿದ. ಹರಳು ಇದ್ದಲ್ಲಿ ಕರಿ ಚುಕ್ಕೆಯೊಂದು ಉಳಿದಿತ್ತು.

ಸೂಕ್‌ಕೋ ಜಾರೀ, ಒಣಗಿಹೋಗುತ್ತಿದ್ದಾಳೆ ಎಂದಿದ್ದಳು ರಜಿಯಾ. ಸತ್ತಾರ್ ಸಾಬ್ ತಕ್ಕಡಿಯನ್ನು ಕೆಳಗಿಟ್ಟ. ಪೆಟ್ಟಿಗೆಯ ಮುಚ್ಚಳ ಹಾಕಿ ಹೆಗಲಿಗೇರಿಸಿದ. ಏನಾಯಿತೋ ಎಂದು ಶರಣಯ್ಯ ಕೇಳುತ್ತಲೇ ಇದ್ದ. ಮನೆಗೆ ಹೋಗಬೇಕು ಎಂದಷ್ಟೇ ಹೇಳಿ ಅವನು ಬಸ್ಸಿನ ಕಡೆಗೆ ನಡೆದ.

ದೇವದುರ್ಗಕ್ಕೆ ಬಂದಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಗುರುವಾರವಲ್ಲದಿದ್ದರೂ ಅಂಗಳದಲ್ಲಿ ಹೆಂಗಸರು ತಂಬಿಗೆ ಇಟ್ಟುಕೊಂಡು ಕೂತಿದ್ದರು. ಶಿವಬಸಮ್ಮನೂ ಇದ್ದಳು. ಮೊಮ್ಮಗನ ಜ್ವರ ಇಳಿದಿತ್ತು, ತೆಂಗಿನಕಾಯಿ ತಂದಿದ್ದಳು. ಹೀರಾಬಿ ಮಲಗಿದ್ದಾಳೆ, ಎದ್ದ ಮೇಲೆ ಊದುತ್ತಾಳೆ ಎಂದು ನೂರ್ ಬೀ ಎಲ್ಲರನ್ನೂ ಕಾಯಿಸಿದ್ದಳು. ರಜಿಯಾ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಯಿಗೆ ನೀರು ಹಾಕುತ್ತಿದ್ದಳು. ಹಾಕಿದ ನೀರು ವಾಂತಿಯಾಗುತ್ತಿತ್ತು.

ಹೆಗಲ ಮೇಲೆ ಅತ್ತರಿನ ಪೆಟ್ಟಿಗೆ ಇದ್ದಂತೆಯೇ ಸತ್ತಾರ್ ಸಾಬ್ ಹೊಸ್ತಿಲಲ್ಲಿ ನಿಂತ. ಪೆಟ್ಟಿಗೆಯನ್ನು ದಾಟಿ ಆ ವಾಸನೆ ಅವನಿಗೆ ಅಲ್ಲಿಗೇ ಬಂತು. ಈಗ ಅದರಲ್ಲಿ ಪೇರಲ ಸ್ವಲ್ಪವೇ ಇತ್ತು. ಹುಡುಗಿ ಮಲಗಿದಲ್ಲೇ ಗುಡ್ಡ ಹತ್ತುವವಳಂತೆ ಆಳವಾಗಿ ಉಸಿರಾಡುತ್ತಿದ್ದಳು. ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದಳು.

ಅವನು ಪೆಟ್ಟಿಗೆ ಇಳಿಸಿ ಮಗಳನ್ನು ಎತ್ತಿಕೊಂಡ. ನೂರ್ ಬೀ ಬಾಗಿಲಿಗೆ ಅಡ್ಡ ಬಂದಳು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುತ್ತಾರೆ, ಚುಚ್ಚಿದರೆ ಕೊಟ್ಟದ್ದು ಹೊರಟುಹೋಗುತ್ತದೆ ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ, ಹೆದರಿದ್ದಳು.

"ಜಾಂದೇ ಅಮ್ಮಾ," ಎಂದ ಮಗ. ಹೋಗಲಿ ಬಿಡು.

ರಾಯಚೂರಿನ ಬಸ್ಸು ಹೊರಡುವ ಹೊತ್ತಾಗಿತ್ತು. ಶಿವಬಸಮ್ಮ ತೆಂಗಿನಕಾಯಿಯನ್ನು ಅಲ್ಲೇ ಬಿಟ್ಟು ಮುಂದೆ ಓಡಿದಳು. ಇವರು ಮುಟ್ಟುವಷ್ಟರಲ್ಲಿ ಅವಳು ಬಸ್ಸಿನ ಮುಂದಿನ ಗಾಲಿಯ ಹತ್ತಿರ ನೆಲಕ್ಕೆ ಕೂತಿದ್ದಳು. ಡ್ರೈವರ್ ಹಾರ್ನ್ ಒತ್ತುತ್ತಿದ್ದ. ಕಂಡಕ್ಟರ್ ಕೆಳಗಿಳಿದು ಬೈಯುತ್ತಿದ್ದ.

"ಬೇಕಾದಷ್ಟು ಒದರಸು ತಮ್ಮಾ, ನನಗೇನು ಕಿವಿ ಕೇಳಸಂಗಿಲ್ಲ," ಎಂದಳು ಶಿವಬಸಮ್ಮ. ಸತ್ತಾರ್ ಸಾಬ್ ಹತ್ತಿದ ಮೇಲೆಯೇ ಎದ್ದು ಸೀರೆ ಝಾಡಿಸಿಕೊಂಡಳು. ಕಿಟಕಿಯಲ್ಲಿ ಕೈ ಹಾಕಿ ಹೀರಾಬಿಯ ಕಾಲು ಮುಟ್ಟಿದಳು. "ನಮ್ಮ ಕೂಸಿಗೆ ಊದಿದಾಕಿ ಅದಾಳ. ನೆಟ್ಟಗ ಹೊಡಕೊಂಡು ಹೋಗ್ರಿ," ಎಂದು ಡ್ರೈವರನಿಗೆ ಹೇಳಿದಳು.

ಗಬ್ಬೂರು ದಾಟಿದ ಮೇಲೆ ಟಿಕೇಟು ಹರಿಯುತ್ತ ಬಂದ ಕಂಡಕ್ಟರ್ ಮೂಗು ಅರಳಿಸಿದ. "ಪೇರಲ ಹಣ್ಣು ಯಾರ ಹತ್ರ ಅದಾವ್ರೀ, ಈ ಕಾಲದಾಗ?" ಎಂದು ನಗುತ್ತ ಕೇಳಿದ. ಬಸ್ಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಜಿಯಾ ಮಗಳ ಮುಖದ ಮೇಲೆ ಸೆರಗು ಎಳೆದಳು.

ರಾಯಚೂರಿನ ಆಸ್ಪತ್ರೆಯ ಡಾಕ್ಟರ್ ಗುರುಶಾಂತಮ್ಮ ಮನೆಗೆ ಹೊರಟವರು ಪಡಸಾಲೆಯಲ್ಲಿ ಎದುರಾದರು. ಇವರು ಬಾಯಿ ತೆರೆಯುವ ಮೊದಲೇ ನಿಂತರು. ಹುಡುಗಿಯ ಮುಖಕ್ಕೆ ಮುಖ ಹಚ್ಚಿ ಒಂದು ಉಸಿರು ಎಳೆದರು. ಚೀಲವನ್ನು ಅಲ್ಲಿದ್ದ ಬೆಂಚಿನ ಮೇಲೆ ಎಸೆದು ನರ್ಸನ್ನು ಕೂಗಿದರು.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಹುಡುಗಿಯ ಮೂತ್ರದ ಕೆಲವು ಹನಿಗಳನ್ನು ನೀಲಿ ನೀರಿದ್ದ ಗಾಜಿನ ಕೊಳವೆಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು. ಹೀರಾಬಿಯ ಕೈಗೆ ಸೂಜಿ ಹಾಕಿ ಬಾಟಲಿ ತೂಗುಹಾಕಿದರು. ಸೂಜಿ ಹೋಗುವಾಗ ಅವಳು ಕೈ ಎಳೆದುಕೊಳ್ಳಲಿಲ್ಲ. ಎಳೆದುಕೊಂಡಿದ್ದರೆ ಒಳ್ಳೆಯದಿತ್ತು ಎಂದು ರಜಿಯಾಗೆ ಅನಿಸಿತು.

"ಈ ವಾಸನಿ ಎಂದಿನಿಂದ ಅದ?" ಎಂದು ಡಾಕ್ಟರ್ ಕೇಳಿದರು.

ಸತ್ತಾರ್ ಸಾಬ್ ತಿಂಗಳ ಹತ್ತಿರವಾಯಿತು ಎಂದ.

"ತಿಂಗಳಿಂದ ಮೂಗು ಮುಚಗೊಂಡು ಕುಂತಿದ್ರೇನು?"

"ಕೆಟ್ಟ ನಾತ ಬಂದಿದ್ರ ಅವತ್ತೇ ಬರ್ತಿದ್ದೆರಿ," ಎಂದ ಅವನು. "ಇದು ಛಲೋ ವಾಸನಿ ಇತ್ತು."

ಡಾಕ್ಟರ್ ಅವನನ್ನು ನೋಡಿದರು. ಅವನ ಕಿವಿಯಲ್ಲಿ ಅತ್ತರಿನ ಹತ್ತಿಯ ಉಂಡೆ ಇತ್ತು. ಬೈಯುವುದಕ್ಕೆ ಬಂದ ಮಾತನ್ನು ಅವರು ಕೈಬಿಟ್ಟಂತೆ ಕಂಡಿತು. ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಗಂಡ ಹೆಂಡತಿ ಇಬ್ಬರಿಗೂ ತಿಳಿಯುವಂತೆ ಹೇಳಿದರು. "ಇದು ಸಕ್ಕರಿ ಬ್ಯಾನಿ. ಸಣ್ಣವರಿಗೂ ಬರ್ತದ. ತಿಂದದ್ದು ಮೈಗೆ ಹತ್ತಂಗಿಲ್ಲ. ಆಗ ಮೈ ಏನ್ ಮಾಡ್ತದ, ತನ್ನೊಳಗಿನ ಕೊಬ್ಬು ತಾನೇ ಸುಟಗೊಂತದ. ಈ ವಾಸನಿ ಆ ಸುಡೋದರದು. ನಾಳೆ ತಂದಿದ್ರ ನನ್ನ ಕೈಯಾಗ ಏನೂ ಇರತಿದ್ದಿಲ್ಲ."

ಸತ್ತಾರ್ ಸಾಬ್ ಕಿವಿಯಿಂದ ಹತ್ತಿಯನ್ನು ತೆಗೆದು, ಎಲ್ಲಿ ಇಡುವುದೆಂದು ತಿಳಿಯದೆ, ಮುಷ್ಟಿಯಲ್ಲಿ ಹಿಡಿದುಕೊಂಡ.

ಮರುದಿನ ಮುಂಜಾನೆ ಹೀರಾಬಿ ಕಣ್ಣು ಬಿಟ್ಟು ನೀರು ಕೇಳಿದಳು. ಮಧ್ಯಾಹ್ನ ಹಸಿವು ಎಂದಳು. ಸತ್ತಾರ್ ಸಾಬ್ ಬಾಗಿ ನೋಡಿದ. ಫಿನಾಯಿಲು, ಸ್ಪಿರಿಟು, ತೊಳೆಯದ ಕೂದಲು. ಪೇರಲ ಇರಲಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರ್ ರಜಿಯಾಗೆ ಗಾಜಿನ ಸಿರಿಂಜು ಕುದಿಸುವುದನ್ನೂ ಚುಚ್ಚುವುದನ್ನೂ ಕಲಿಸಿದರು. ಔಷಧಿಯ ಸೀಸೆ ಬಿಸಿಲಿಗೆ ಕೆಡುತ್ತದೆ, ಹಸಿ ಮರಳಿನ ಮಡಕೆಯಲ್ಲಿ ಇಡಬೇಕು. ಸೂಜಿ ದಿನಾ ಬೇಕು, ಬದುಕಿರುವವರೆಗೆ ಬೇಕು. ಒಂದು ಮಾತನ್ನು ಮಾತ್ರ ಎರಡು ಸಲ ಹೇಳಿದರು. "ಆ ವಾಸನಿ ಮತ್ತ ಬಂತಂದ್ರ ಯಾರನ್ನೂ ಕೇಳಬ್ಯಾಡ್ರಿ. ಹಬ್ಬ ಇರ್ಲಿ, ಮದುವಿ ಇರ್ಲಿ, ಎತ್ತಿಕೊಂಡು ಬರ್ರಿ. ಮನ್ಯಾಗ ಯಾರಿಗೆ ಲಗೂನ ಗೊತ್ತಾಗ್ತದ?"

ರಜಿಯಾ ಗದ್ದದಿಂದ ಗಂಡನನ್ನು ತೋರಿಸಿದಳು. "ಅವರ ಧಂದೆನೇ ಅದು," ಎಂದಳು. ಅದರಲ್ಲಿ ಕೊಂಕು ಇತ್ತೋ ಇಲ್ಲವೋ, ಸತ್ತಾರ್ ಸಾಬ್ ಕೇಳಲಿಲ್ಲ.

ಗುರುವಾರ ಹೆಂಗಸರು ಬಂದರು. ನೂರ್ ಬೀ ಮೊಮ್ಮಗಳ ಬಾಯಿಯ ಹತ್ತಿರ ಮುಖ ತಂದು ಬಹಳ ಹೊತ್ತು ಹಾಗೆಯೇ ಇದ್ದಳು. ಎದ್ದು ಬಾಗಿಲಿಗೆ ಹೋಗಿ, "ಇಲ್ಲ. ಹೋತು," ಎಂದಳು. ಸೂಜಿ ಓಡಿಸಿಬಿಟ್ಟಿತು ಎಂದು ದಾವಲ್ ಬೀ ನಲ್ಲಿಯ ಹತ್ತಿರ ಹೇಳಿದಳಂತೆ. ತಂಬಿಗೆಗಳು ಬರುವುದು ನಿಂತಿತು. ನೂರ್ ಬೀ ಶಾಲನ್ನು ಮಡಿಸಿ ಟ್ರಂಕಿನಲ್ಲಿ ಇಟ್ಟಳು. ಮಗನ ಜೊತೆ ಮೊದಲಿನಂತೆ ಮಾತಾಡಲಿಲ್ಲ. ಸೂಜಿ ಚುಚ್ಚುವ ಹೊತ್ತಿಗೆ ಎದ್ದು ಹೊರಗಿನ ಕಟ್ಟೆಗೆ ಹೋಗುತ್ತಿದ್ದಳು.

ಹೀರಾಬಿ ಒಮ್ಮೆ ತಂದೆಯ ಪೆಟ್ಟಿಗೆಯ ಹತ್ತಿರ ಬಂದು ನಿಂತಳು. ಸ್ವಲ್ಪ ಗುಲಾಬಿ ಹಚ್ಚು, ನಾಲಿಗೆಗೆ ಅಲ್ಲ, ಗದ್ದಕ್ಕೆ ಸಾಕು ಎಂದಳು. ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ಸತ್ತಾರ್ ಸಾಬ್ ಮುಚ್ಚಳ ಹಾಕಿದ. ಇನ್ನು ಮೇಲೆ ಅವಳು ಅತ್ತರು ಮುಟ್ಟಬಾರದು ಎಂದ. ಅವಳು ಯಾಕೆಂದು ಕೇಳಲಿಲ್ಲ, ಎರಡು ದಿನ ಮಾತು ಬಿಟ್ಟಳು. ಅತ್ತರು ಮಾರುವವನ ಮಗಳಿಗೆ ಯಾವ ವಾಸನೆಯೂ ಇಲ್ಲವೆಂದು ಶಾಲೆಯಲ್ಲಿ ಆಡಿಕೊಂಡರು.

ಸತ್ತಾರ್ ಸಾಬ್ ಕಿವಿಗೆ ಹತ್ತಿ ಇಡುವುದನ್ನು ಬಿಟ್ಟ. ನಸುಕಿನಲ್ಲಿ ಎದ್ದು, ಪೆಟ್ಟಿಗೆ ಮುಟ್ಟುವ ಮೊದಲು, ಕೈ ಮುಖಕ್ಕೆ ಕಡಲೆ ಹಿಟ್ಟು ಹಚ್ಚಿ ತೊಳೆದುಕೊಳ್ಳುತ್ತಿದ್ದ. ಕಂಬಳಿ ಮೂಸುತ್ತಿದ್ದ. ಮಗಳನ್ನು ಎಬ್ಬಿಸಿ ಊದಿಸುತ್ತಿದ್ದ. ಮಳೆ ಬಿದ್ದು ಬಜಾರಿಗೆ ಪೇರಲದ ಗಾಡಿ ಬಂದ ದಿನ ಅವನು ಆ ದಾರಿ ಬಿಟ್ಟು ಸುತ್ತು ಹಾಕಿ ಅಂಗಡಿಗೆ ಹೋದ.

ರಮ್ಜಾನ್ ಬಂತು. ಹೀರಾಬಿಗೆ ರೋಜಾದ ಉಪವಾಸ ಇರಲು ಬಿಡಲಿಲ್ಲ. ಹಬ್ಬದ ಮುಂಜಾನೆ ಅವಳು ಹಸಿರು ಹೊಸ ಬಟ್ಟೆ ಹಾಕಿಕೊಂಡು ಬಂದು ತಂದೆಯ ಮುಂದೆ ಕೈ ನೀಡಿದಳು. ಪ್ರತಿ ವರ್ಷ ಹಬ್ಬದ ಅತ್ತರಿನ ಮೊದಲ ಹನಿ ಅವಳ ಮುಂಗೈಗೇ ಬೀಳುತ್ತಿತ್ತು. ಸತ್ತಾರ್ ಸಾಬ್ ಆ ಕೈಯನ್ನು ಹಿಡಿದುಕೊಂಡ. ಪೆಟ್ಟಿಗೆ ಇನ್ನೂ ತೆರೆದಿರಲಿಲ್ಲ.

"ಫೂಂಕ್ ಬೇಟಾ," ಎಂದ.

ಅವಳು ಮುಖ ಸಿಂಡರಿಸಿ ಊದಿದಳು. ನಿದ್ದೆಯ ವಾಸನೆ, ಬಡೆಸೋಪಿನ ವಾಸನೆ. ಅವನು ಇನ್ನೊಂದು ಸಲ ಎಂದ. ಅವಳು ಇನ್ನೊಂದು ಸಲ ಊದಿದಳು.

ಈದ್ಗಾಕ್ಕೆ ಹೊರಟ ಗಂಡಸರು ಬಾಗಿಲಲ್ಲಿ ಕೂಗುತ್ತಿದ್ದರು. ಅವನು ಪೆಟ್ಟಿಗೆ ಎತ್ತಿಕೊಂಡು ಕಟ್ಟೆಗೆ ಹೋದ. ಒಬ್ಬೊಬ್ಬರ ಕೈಗೂ ಹಚ್ಚಿದ. ಓಣಿ ತುಂಬ ಖಸ್, ಕೇದಿಗೆ, ಗುಲಾಬಿ ಎದ್ದಿತು. ನೂರ್ ಬೀಗೆ ಎಂದು ತೆಗೆದಿಟ್ಟಿದ್ದ ಹಿನಾ ಅತ್ತರಿನ ಕಡ್ಡಿ ಹಿಡಿದು ತಾಯಿಯನ್ನು ಕರೆದ. ಅವಳು ಬಂದಳು, ಕಡ್ಡಿ ನೋಡಿದಳು, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನಕ್ಕೋ," ಬೇಡ ಎಂದು ಒಳಗೆ ತಿರುಗಿದಳು.

ಒಳಗೆ ಎಲ್ಲರಿಗೂ ಬಟ್ಟಲಲ್ಲಿ ಶ್ಯಾವಿಗೆಯ ಪಾಯಸ ಹಾಕಿಟ್ಟಿತ್ತು. ಹೀರಾಬಿಯ ಮುಂದೆ ರಜಿಯಾ ರೊಟ್ಟಿಯನ್ನೂ ಸಾರನ್ನೂ ಇಟ್ಟಿದ್ದಳು. ನೂರ್ ಬೀ ಮೊಮ್ಮಗಳ ಪಕ್ಕದಲ್ಲಿ ಗೋಡೆಗೆ ಒರಗಿ ಕೂತು, ತನ್ನ ಪಾಯಸದ ಬಟ್ಟಲನ್ನು ದೂರ ಸರಿಸಿ, ಅವಳ ರೊಟ್ಟಿಯಲ್ಲಿ ಒಂದು ತುಂಡು ಮುರಿದುಕೊಂಡಳು. ಸಾರು ಕುದಿಯುತ್ತಿರುವಾಗ ಇಳಿಸಿದ್ದು. ಹೀರಾಬಿ ಎರಡೂ ಕೈಯಲ್ಲಿ ಬಟ್ಟಲು ಎತ್ತಿ ಊದಿದಳು. ಸಾರಿನ ಮೇಲೆ ಸುಕ್ಕು ಎದ್ದು ಅಂಚಿಗೆ ಹೋಯಿತು. ಅವಳು ಉಸಿರು ಎಳೆದುಕೊಂಡು ಮತ್ತೆ ಊದಿದಳು.